ಪಶ್ಚಿಮಕ್ಕೆ

ಇದು ಕರಾರು ಪತ್ರ, ಸಬೀಹಾ ಮೇಡಂ.
ನೂರು ರೂಪಾಯಿಯ ಛಾಪಾ ಕಾಗದ,
ಕೋರ್ಟಿನ ಎದುರು ಟೈಪಿನಂಗಡಿಯಲ್ಲಿ ಹೊಡೆಸಿದ್ದು.
'ಸ್ವತ್ತು ಕೈಸೇರಿದ ಮೂವತ್ತು ದಿನದೊಳಗೆ
ಬೆಲೆಯ ನೂರಕ್ಕೆ ಎಂಟರಂತೆ
ಸದರಿ ಗುತ್ಯಪ್ಪನವರಿಗೆ ಕೊಡತಕ್ಕದ್ದು.'
ಈ ಕಡೆ ಶಾಂತರಾಜುವಿನ ಸಹಿ.
ಆ ಕಡೆ ಅವನ ಅಕ್ಕ ವಿಮಲಾಕ್ಷಿಯದು,
ನಡುವೆ ಪೆನ್ನು ಕೈಕೊಟ್ಟು
ಅರ್ಧ ನೀಲಿ, ಅರ್ಧ ಕಪ್ಪು.

ಮೂವತ್ತು ದಿನ ಹೋಗಿ ಹದಿನಾಲ್ಕು ತಿಂಗಳಾಯಿತು.

ಅವರಿಗೆ ಗೊತ್ತಿದ್ದದ್ದು ಇಷ್ಟೇ:
ತಾತನದೊಂದು ಗೋಲಿ ಸೋಡಾ ಕಾರ್ಖಾನೆ ಇತ್ತಂತೆ,
ಶಿವಮೊಗ್ಗದಲ್ಲಿ, ತುಂಗೆಯ ಕಡೆ ಇಳಿಯುವ ಯಾವುದೋ ಬೀದಿಯಲ್ಲಿ.
'ಅಂತೆ' ಎಂಬ ಎರಡಕ್ಷರಕ್ಕೆ
ನಂಬರು, ಅಳತೆ, ಗಡಿ ಹುಡುಕಿಕೊಟ್ಟವನು ನಾನು.

ಮೂವತ್ತೊಂದು ವರ್ಷ ರೆಕಾರ್ಡ್ ರೂಮಿನ ಅಟೆಂಡರು.
ಸಾಹೇಬರುಗಳು ಬದಲಾದರು,
ನಾನೂ ಬೆಳ್ಳಿಹುಳಗಳೂ ಉಳಿದೆವು.
ಯಾವ ಕೆಂಪು ಗಂಟಿನಲ್ಲಿ ಯಾರ ಅಜ್ಜ ಮಲಗಿದ್ದಾನೆಂದು
ವಾಸನೆಯಲ್ಲೇ ಹೇಳುತ್ತಿದ್ದೆ.

ಎರಡು ವರ್ಷ ತಿರುಗಿದೆ. ಭದ್ರಾವತಿ ಬಸ್ಸಿನ ಟಿಕೇಟುಗಳನ್ನೆಲ್ಲ
ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ, ನೋಡಿ.
ವಂಶವೃಕ್ಷಕ್ಕೆ ಸತ್ತವರನ್ನು ಕೂಡಿಸಿದ್ದು,
ಅಲ್ಲಿ ಕೂತಿದ್ದ ಟೈರಿನ ಅಂಗಡಿಯವನನ್ನು
ಬೈದು, ಬೇಡಿ, ರಾಜಿಗೆ ತಂದು ಎಬ್ಬಿಸಿದ್ದು.
ಖಾತೆ ಅವರ ಹೆಸರಿಗೆ ಬಿದ್ದ ದಿನ
ವಿಮಲಾಕ್ಷಿ ನನ್ನ ಕಾಲು ಮುಟ್ಟಲು ಬಗ್ಗಿದಳು.
ಬೇಡ ತಾಯಿ, ಅಂದೆ.
ಮುಟ್ಟಿಸಿಕೊಳ್ಳಬೇಕಿತ್ತು. ಅದಾದರೂ ಸಿಕ್ಕಿರುತ್ತಿತ್ತು.

ಈಗ ಫೋನೆತ್ತಿದರೆ ಶಾಂತರಾಜು ಕೇಳುತ್ತಾನೆ:
'ನೀವು ಮಾಡಿದ್ದೇನು ಯಜಮಾನ್ರೇ?
ಇದ್ದ ಕಾಗದ ತೆಗೆದುಕೊಟ್ರಿ.
ಆಸ್ತಿ ಏನು ನೀವು ಹುಟ್ಟಿಸಿದ್ರಾ?'
ಹೌದಲ್ಲ.
ಬಾವಿಯಲ್ಲಿ ನೀರು ಮೊದಲೇ ಇತ್ತು,
ಹಗ್ಗಕ್ಕೆಂಥ ಕೂಲಿ.

ಹಾಕಿ ದಾವೆ, ಮೇಡಂ. ಬಡ್ಡಿ ಸಮೇತ.

ಮೂಲ ಪಾಲುಪಟ್ಟಿಯೇ? ಅದೂ ಬೇಕೇ?
ಇದೆ. ನನ್ನ ಹತ್ತಿರವೇ ಉಳಿದಿದೆ.
ನಾನೇ ಓದುತ್ತೇನೆ, ಮೋಡಿ ಅಕ್ಷರ, ನಿಮಗೆ ತಿಳಿಯದು.
ಚಕ್ಕುಬಂದಿ.
ಪೂರ್ವಕ್ಕೆ ರಸ್ತೆ.
ದಕ್ಷಿಣಕ್ಕೆ ಎಣ್ಣೆ ಗಾಣದ ಗೋಡೆ.
ಉತ್ತರಕ್ಕೆ ಪುರಸಭೆಯ ಚರಂಡಿ.
ಪಶ್ಚಿಮಕ್ಕೆ

ಸ್ವಲ್ಪ ನೀರು ಕೊಡಿ.
ಆ ರೂಮಿನ ಧೂಳು ಇನ್ನೂ ಗಂಟಲಲ್ಲಿದೆ.

ಪಶ್ಚಿಮಕ್ಕೆ, ಬಾಟಲಿ ತೊಳೆಯುವ ದೇವೀರಿಗೆ
ಏಳು ವರ್ಷದ ಕೂಲಿ ಬಾಕಿಯ ಬಾಬ್ತು
ಕಾಯಂ ಬಿಟ್ಟುಕೊಟ್ಟಿರುವ
ಹತ್ತಡಿಗೆ ಎಂಟಡಿಯ ಕೋಣೆ.

ನಾನು ಬರೆಸಿದ ಹೊಸ ಷೆಡ್ಯೂಲಿನಲ್ಲಿ
ಪಶ್ಚಿಮಕ್ಕೆ ಓಣಿ ಎಂದಿದೆ.
ಕೋಣೆ ದಾಟಿದರೆ ಓಣಿಯೇ ತಾನೇ.
ಎಂಬತ್ತು ಚದರಡಿ.
ಅದರ ಬೆಲೆಗೆ ನೂರಕ್ಕೆ ಎಂಟು ಎಷ್ಟಾಗುತ್ತದೆಂದು
ಅವತ್ತೇ ಬೆರಳ ಗೆಣ್ಣಿನ ಮೇಲೆ ಎಣಿಸಿದ್ದೆ.
ಅಕ್ಕ-ತಮ್ಮ ಏನೂ ಕೇಳಲಿಲ್ಲ. ಅವರಿಗೂ ಮೋಡಿ ಬಾರದು.

ದೇವೀರಿಯ ಮೊಮ್ಮಗಳೊಬ್ಬಳಿದ್ದಾಳೆ, ಚೌಡಮ್ಮ.
ನಾನು ಹುಡುಕಲಿಲ್ಲ, ಈ ಕಸುಬಿನವನಿಗೆ
ಬೇಡವೆಂದರೂ ಜನ ಸಿಕ್ಕಿಬಿಡುತ್ತಾರೆ.
ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಾಳೆ.
ಊರು, ಹೆಸರು, ಅಜ್ಜಿಯ ಹೆಸರು ಕೇಳಿದೆ.
'ಯಾಕೆ ಸ್ವಾಮೀ?' ಅಂದಳು.
ಟೀ ಆರಿತ್ತು. ಚಿಲ್ಲರೆ ಬಿಟ್ಟು ಎದ್ದು ಬಂದೆ.

ಅವಳಿಗೂ ಯಾರೋ ಹೇಳಿರಬಹುದು,
ಅಜ್ಜಿಯದೊಂದು ಕೋಣೆ ಇತ್ತಂತೆ, ಅಂತ.

ಪೆನ್ನಿನ ಕ್ಯಾಪು ಯಾಕೆ ಮುಚ್ಚಿದಿರಿ?
ಎಂಟು ನನಗೆ ಬರಬೇಕಾದ್ದೇ, ಮೇಡಂ,
ನಡೆದದ್ದು ನನ್ನ ಕಾಲು.
ವಕಾಲತ್ತಿಗೆ ಸಹಿ ಎಲ್ಲಿ, ತೋರಿಸಿ.

ಈ ಎರಡನೇ ಹಾಳೆಯನ್ನು ಮಾತ್ರ
ದಾಖಲೆಗಳ ಪಟ್ಟಿಗೆ ಸೇರಿಸಬೇಡಿ.

ಅಥವಾ
ಇರಿ,
ಮೊದಲು ಆ ನೀರು ಇತ್ತ ಕೊಡಿ.