ತಿರುಗಿದ ಹಾವು

ಇಮ್ಮಡಿಹಳ್ಳಿಯ ನಮ್ಮ ತಾತ ಮುನಿಪಿಳ್ಳಪ್ಪ
ನಾಗರಕಲ್ಲು ಬಿಟ್ಟು ಬೇರೆ ಕೆತ್ತಿದವನಲ್ಲ.
ವೈಟ್‌ಫೀಲ್ಡಿನ ದುಂಡು ರಸ್ತೆಯ ದೊರೆಗಳು
(ದೊರೆ ಅಂದರೆ ಅರ್ಧ ದೊರೆ: ರೈಲ್ವೆ ಗಾರ್ಡು, ಪಿಂಚಣಿಯ ನರ್ಸು,
ಸೀಮೆ ನೋಡದೆಯೇ ಸೀಮೆಗೆ ಹಂಬಲಿಸಿದವರು)
ಒಂದು ದಿನ ಕಾಗದ ತಂದರು. ಗೋರಿಗೆ ಹೆಸರು ಬೇಕಿತ್ತು.

ಓದು ಬಾರದವನು. ಅಕ್ಷರಗಳನ್ನು ಬೆರಳಲ್ಲಿ ಅಳೆದ.
ಒಂದು ಮುರಿದ ಏಣಿ, ಒಂದು ಬಾವಿಯ ಬಾಯಿ,
ಆಮೇಲೆ ಹಾವು.
ಅದು ಗೊತ್ತು ಅವನಿಗೆ. ಕೈ ತಾನಾಗಿ ಹೋಯಿತು,
ಹೆಡೆ ಹುತ್ತದ ಕಡೆಗೆ.

ಕಾಗದದಲ್ಲಿ ಅದು ಆ ಕಡೆ ನೋಡುತ್ತಿತ್ತಂತೆ.

ಸತ್ತವಳ ತಂಗಿ ಮಿಸ್ ಐವಿ ರೊಜಾರಿಯೊ
ಕೊಡೆ ಮಡಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.
ಕೂಲಿ ಬೇಡಮ್ಮ, ಬೇರೆ ಕಲ್ಲು ಕೊಡ್ತೀನಿ, ಅಂದ ತಾತ.
"ಇರ್ಲಿ ಬಿಡು ಮ್ಯಾನ್.
ನಮ್ ಅಕ್ಕ ಬದುಕಿದ್ದಾಗೂ
ಹೇಳಿದ್ ಕಡೆ ತಿರುಗಿಲ್ಲ."

ಈಗ ಭಾನುವಾರ ಇತಿಹಾಸ ತೋರಿಸುವವರು ಬರುತ್ತಾರೆ.
ಹೆಂಚಿಗೆ ಇಸವಿ, ಕಮಾನಿಗೆ ಇಸವಿ,
ಹುಣಸೆಮರಕ್ಕೂ ಅಂದಾಜಿನದೊಂದು.
ಹಾವಿನ ಮುಂದೆ ನಿಂತು, ಪಾಪ, ತಪ್ಪು, ಅಂತ ನಗುತ್ತಾರೆ,
ಫೋಟೊ ತೆಗೆಯುತ್ತಾರೆ.
ಅಷ್ಟು ಹೊತ್ತಿಗೆ ಪಕ್ಕದ ಅಪಾರ್ಟ್‌ಮೆಂಟಿನ ನೆರಳು
ಕಾಂಪೌಂಡು ದಾಟಿ ಅರ್ಧ ಗೋರಿಗಳ ಮೇಲಿರುತ್ತದೆ.

ನಾನು ಏನೂ ಹೇಳುವುದಿಲ್ಲ.
ಪಂಚಮಿಯ ಬೆಳಿಗ್ಗೆ ಮಾತ್ರ, ಡ್ಯೂಟಿಗೆ ಹೋಗುವ ದಾರಿಯಲ್ಲಿ,
ವಾಚ್‌ಮನ್ನಿಗೆ ಟೀ ಕೊಡಿಸಿ ಒಳಗೆ ಹೋಗುತ್ತೇನೆ.
ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಇಷ್ಟು ಹಾಲು.
ಇಡೀ ಹೆಸರು ಇವತ್ತಿಗೂ ಓದಲು ಬರುವುದಿಲ್ಲ ನನಗೆ;
ಆ ಒಂದೇ ಅಕ್ಷರಕ್ಕೆ
ತನಿ ಎರೆದು ಬರುತ್ತೇನೆ.