ಕರಾರು

ಆರ್ವೋ ತನ್ನ ಕೈಯಾರೆ ಬರೆದ ಚೀಟಿ ಅದು,
ಡಾಕ್ಟರು ಆ ಕಾಯಿಲೆಯ ಹೆಸರೆತ್ತಿದ ಸಂಜೆ,
ಹಳೆಯ ಕ್ಯಾಲೆಂಡರಿನ ಹಿಂಬದಿಗೆ:
'ನಾಯಿಯ ಹೆಸರು ಮರೆತ ದಿನ
ಬಂದೂಕು ಮೂರನ್ನೂ ವೆಂಡೆಲನಿಗೆ ಕೊಟ್ಟುಬಿಡು.
ಬೇಡವೆಂದು ನಾನು ಕೂಗಾಡಿದರೂ ಕೇಳಬೇಡ.'
ಸಹಿ, ತಾರೀಖು.
ಸಾಕ್ಷಿಗೆ ನಾನು, ಹೆಲ್ಮಿ.
ಚೀಟಿ ರೈ ಹಿಟ್ಟಿನ ಡಬ್ಬಿಯೊಳಗೆ.

ಸುಪೀರಿಯರ್ ಸರೋವರದ ದಡ ಹೆಪ್ಪುಗಟ್ಟುತ್ತ ಬಂತು.
ಮರೆತದ್ದು ಒಂದೊಂದೇ:
ಸೌನಾದ ಒಲೆ, ತಂಗಿಯ ಸಾವು,
ತಾಮ್ರದ ಗಣಿ ಮುಚ್ಚಿಹೋದದ್ದು.
ಬೆಳಗಿನ ನಾಲ್ಕಕ್ಕೆ ಪಾಳಿಗೆ ಹೊರಟವನನ್ನು
ಬೂಟು ಬಿಚ್ಚಿಸಿ ಕೂರಿಸುತ್ತಿದ್ದೆ.
ನಾಯಿಯ ಹೆಸರು ಮಾತ್ರ ನಾಲಿಗೆಯ ತುದಿಯಲ್ಲೇ.
ಪೈಪರ್, ಬಾ. ಪೈಪರ್, ತಿನ್ನು.

ಫೆಬ್ರವರಿಯಲ್ಲೊಮ್ಮೆ 'ರುಸ್ಕೊ' ಅಂದ.
ರುಸ್ಕೊ ಸತ್ತು ಹನ್ನೊಂದು ವರ್ಷ.
ನಾನು ಪಾತ್ರೆ ತೊಳೆಯುತ್ತಿದ್ದೆ, ನಲ್ಲಿ ಜೋರು ಮಾಡಿದೆ,
ಕೇಳಿಸಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.
ಬಾಯಿತಪ್ಪಿದ ಒಂದು ಮಾತಿಗೆ
ಗಂಡಸಿನ ಕೈ ಬರಿದು ಮಾಡುವುದೆ?
ಅವನಪ್ಪ ಕೊಟ್ಟ ಕೋವಿ.
ಮುಷ್ಕರದ ವರ್ಷ ಐದು ಮಕ್ಕಳ ತಟ್ಟೆಗೆ
ಜಿಂಕೆಯ ಮಾಂಸ ತಂದಿಟ್ಟದ್ದು.

ಮಾರ್ಚಿಯ ಒಂದು ರಾತ್ರಿ ಬಚ್ಚಲಿಗೆ ಹೋಗಿ ಮರಳುತ್ತಿದ್ದೆ.
ಹಜಾರದ ಕತ್ತಲಲ್ಲಿ ಅವನು.
'ಯಾರದು?'
ಐವತ್ತಾರು ವರ್ಷ ಒಂದೇ ಹಾಸಿಗೆ.
'ಯಾರದು, ನಿಲ್ಲು!'
ಕೈಯಲ್ಲಿ ಏನಿದೆಯೋ ಕಾಣದು.
ಹಲ್ಸೆಟ್ಟು ಲೋಟದಲ್ಲಿತ್ತು;
ಬೊಚ್ಚುಬಾಯಲ್ಲಿ ನನ್ನ ಹೆಸರು ನನಗೇ ಗುರುತು ಸಿಗಲಿಲ್ಲ.
ಪೈಪರ್ ಎದ್ದು ಬಂದು ನಮ್ಮಿಬ್ಬರ ನಡುವೆ ಕೂತಿತು.
ತಡಕಾಡಿ ದೀಪ ಹಾಕಿದೆ.
ಟಾರ್ಚು. ಸೆಲ್ಲು ಸತ್ತದ್ದು.

ಹೆಂಡತಿಯ ಹೆಸರು ಮರೆತರೆ ಏನು ಮಾಡಬೇಕೆಂದು
ಚೀಟಿಯಲ್ಲಿ ಇರಲಿಲ್ಲ.
ಬರೆಯುವಾಗ ಇಬ್ಬರಿಗೂ ಅದು ತೋಚಿರಲಿಲ್ಲ.

ಬೆಳಗ್ಗೆ ವೆಂಡೆಲ್ ಬಂದ, ಟೋಪಿ ಕೈಯಲ್ಲಿ ಹಿಡಿದು.
ನಳಿಗೆ ಗೋಡೆಯ ಕಡೆಗೆ ತಿರುಗಿಸಿ
ಒಂದೊಂದನ್ನೂ ತೆರೆದು ನನಗೂ ತೋರಿಸಿದ.
ಮೊದಲನೆಯದು ಖಾಲಿ. ಎರಡನೆಯದು ಖಾಲಿ.
ಮೂರನೆಯದರಿಂದ ಹಿತ್ತಾಳೆಯ ತೋಟಾ ಒಂದು
ಮೇಜಿನ ಮೇಲೆ ಉರುಳಿಕೊಂಡು ಹೋಗಿ
ಸಕ್ಕರೆ ಬಟ್ಟಲಿಗೆ ತಾಗಿ ನಿಂತಿತು.
ಯಾರೂ ಏನೂ ಅನ್ನಲಿಲ್ಲ.
ಮದುವೆಗೆ ಬಂದ ಕಂಬಳಿಯಲ್ಲಿ ಬಂದೂಕು ಸುತ್ತಿ ಕೊಟ್ಟೆ,
ತೋಟಾಗಳನ್ನು ಬೇರೆ, ಬಿಸ್ಕತ್ತಿನ ಡಬ್ಬಿಯಲ್ಲಿ.

ಆರ್ವೋ ಕಿಟಕಿಯತ್ತ ಮುಖ ಮಾಡಿ ಕಾಫಿ ಕುಡಿಯುತ್ತಿದ್ದ.
ಟ್ರಕ್ಕು ತಿರುವು ದಾಟಿದ ಮೇಲೆ
'ಅಪ್ಪನದು ಸ್ವಲ್ಪ ಎಡಕ್ಕೆ ಎಳೆಯುತ್ತೆ,
ಹೇಳಿದೆಯಾ ಅವನಿಗೆ?' ಅಂದ.
ಆಮೇಲೆ ಬ್ರೆಡ್ಡಿನ ಅಂಚು ಮುರಿದು
ಕುರ್ಚಿಯ ಕೆಳಗೆ ಕೈ ಚಾಚಿದ:

ಪೈಪರ್, ಬಾ. ಪೈಪರ್, ತಿನ್ನು.