ದ್ವಂದ್ವ ಸಮಾಸ

ಅಶೋಕ ಟಾಕೀಸಿನ ರೈಲ್ವೆ ಗೇಟಿನ ಪಕ್ಕ
ಕ್ಯಾಸೆಟ್ಟಿನ ಬೆನ್ನಿಗೆ ಹೆಸರು ಬರೆಯುವವನು ನಾನು.
ಜಾಗ ಬೆರಳಗಲ. ಅಡ್ಡಗೆರೆ ಹಿಡಿಸದೆ
ಕೂಡಿಸಿಬಿಟ್ಟೆ: ಬಕ್ಕೇಶಫಕ್ರು.
ಹರಿಹರದವರು ಒಬ್ಬನೇ ಅಂದುಕೊಂಡರು.

ಪದ ಬಕ್ಕೇಶನದು. ಮಿಲ್ಲಿನ ಎರಡನೇ ಪಾಳಿ ಮುಗಿಸಿ
ಮಂಡಕ್ಕಿ ಪೊಟ್ಟಣ ಬಿಡಿಸಿ ಅದರ ಮೇಲೆ ಬರೆದದ್ದು;
ಎಣ್ಣೆ ತಾಗಿದಲ್ಲಿ ಪೆನ್ನು ಮೂಡದೆ
ಒಂದೊಂದು ಮಾತು ಬಿಟ್ಟುಹೋಗುತ್ತಿತ್ತು.
ಆ ಖಾಲಿಯಲ್ಲಿ ಫಕ್ರುದ್ದೀನ್
ಹಾರ್ಮೋನಿಯಂ ತಿದಿ ಒತ್ತುತ್ತ ಹ್ಞೂಂ ಅನ್ನುತ್ತಿದ್ದ.
ಜನ ಕಲಿತದ್ದು ಆ ಹ್ಞೂಂ ಒಂದನ್ನೇ.

ಹನ್ನೊಂದು ಕ್ಯಾಸೆಟ್, ಒಂದು ಹಲ್ಲುಪುಡಿ,
ಒಂದು ಚುನಾವಣೆ, ಎರಡೂ ಪಕ್ಷಕ್ಕೆ ಅದೇ ಧಾಟಿ.
ಆಮೇಲೆ ಯಾರ ಹೆಸರು ಮೊದಲು ಎಂಬ ಮಾತು
ಮಿರ್ಚಿ ಆರುವವರೆಗೂ ನಡೆದು
ಇಬ್ಬರೂ ನನ್ನತ್ತ ತಿರುಗಿದರು:
‘ಬರೆದವನು ನೀನು, ನೀನೇ ಹೇಳಪ್ಪ.’
ಅಕಾರಾದಿ ಎಂದೆ, ಜಾಣನ ಹಾಗೆ.
ಪ, ಫ, ಬ...
ಬೆರಳು ಮಡಚುತ್ತಿದ್ದ ಬಕ್ಕೇಶ
ಮೂರನೆಯದಕ್ಕೆ ಎದ್ದುಹೋದ.

ಈಗ ಅಂಗಡಿ ಮೊಬೈಲ್ ಕವರಿನದು.
ಮೊನ್ನೆ ಫಕ್ರು ಬಂದಿದ್ದ, ಗ್ಲಾಸ್ ಹಾಕಿಸಲು.
ಗೇಟು ಬಿದ್ದಿತ್ತು, ಕೂತ.
ಗೂಡ್ಸಿನ ಕೊನೆಯ ಡಬ್ಬಿ ದಾಟಿದ ಮೇಲೆ
ಮೂಗಿನಲ್ಲೇ ಹ್ಞೂಂ ಅಂದು
ನಿಲ್ಲಿಸಿದ,
ಮುಂದಿನ ಮಾತು ಬರಲಿ ಎಂಬಂತೆ.